ಒಂದೇ ದಿನ ಹುಟ್ಟಿದವರು

ಗೊಲ್ಲರಹಟ್ಟಿ, ಹೊರಕೆರೆದೇವಪುರದ ಹತ್ತಿರ
ಭಾನುವಾರ, ೨೦ ಜೂನ್ ೧೯೭೬

ಪ್ರೀತಿಯ ತಮ್ಮ ಪಾಲಣ್ಣನಿಗೆ,

ಹೇಗಿದ್ದೀಯಪ್ಪ? ಕಾರವಾರದ ಉಪ್ಪುಗಾಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಇಲ್ಲಿ ಅವ್ವನ ಮೊಣಕಾಲು ನೋವು ಹಾಗೇ ಇದೆ. ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಾಳೆ, ಬಿಸಿಲೇರಿದ ಮೇಲೆ ನನ್ನನ್ನು ಬೈಯುವಷ್ಟು ಗಟ್ಟಿಯಾಗುತ್ತಾಳೆ. ಕುರಿಗಳು ಚೆನ್ನಾಗಿವೆ. ನಾನೂ ಇದ್ದೇನೆ. ಫೆಬ್ರವರಿಯಲ್ಲಿ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಪೆನ್ನು ಹಿಡಿದಾಗಲೆಲ್ಲ ಲಕೋಟೆಯ ಮೇಲೆ ಬರೆಯಬೇಕಾದ ಹೆಸರು ನೆನಪಾಗಿ ಕೈ ನಿಲ್ಲುತ್ತಿತ್ತು. ತನ್ನ ಹೆಸರಿಗೆ ತಾನೇ ಕಾಗದ ಬರೆಯುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು ಹೇಳು.

ಕಾಗದದ ಜೊತೆ ನೀನು ಕಳಿಸಿದ್ದ ವಾರಪತ್ರಿಕೆಯ ಹಾಳೆಯನ್ನು ಓದಿದೆ. ಫೆಬ್ರವರಿ ಹನ್ನೆರಡರಂದು ಹುಟ್ಟಿದ ಮಹನೀಯರು. ಅಮೆರಿಕದ ಲಿಂಕನ್, ಇಂಗ್ಲೆಂಡಿನ ಡಾರ್ವಿನ್. ಇಬ್ಬರೂ ಒಂದೇ ವರ್ಷ, ಒಂದೇ ದಿನ ಹುಟ್ಟಿದವರಂತೆ. ನಮ್ಮ ದಯಾನಂದ ಸರಸ್ವತಿಗಳೂ ಅದೇ ತಾರೀಕಿನವರಂತೆ. ಅವರೆಲ್ಲರ ಕೆಳಗೆ ನಿಮ್ಮ ಆಫೀಸಿನವರು ಕೆಂಪು ಶಾಯಿಯಲ್ಲಿ ‘ನಮ್ಮ ಓಬಯ್ಯನವರು’ ಎಂದು ಬರೆದು ಗೋಡೆಗೆ ಅಂಟಿಸಿದ್ದರು, ಎಲ್ಲರಿಗೂ ಮೈಸೂರುಪಾಕು ಹಂಚಿದೆ ಎಂದು ಬರೆದಿದ್ದೀಯ. ಆ ದಿನ ನಾನು ಕಾಲು ಮುರಿದ ಒಂದು ಮೇಕೆಯನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿಯುತ್ತಿದ್ದೆ. ನನ್ನ ಹುಟ್ಟಿದ ಹಬ್ಬ ಎಂಬುದೇ ಮರೆತಿತ್ತು. ಲಿಂಕನ್ನೂ ಡಾರ್ವಿನ್ನೂ ಒಂದೇ ದಿನ ಹುಟ್ಟಿದರೂ ಅವರಿಗೆ ಇಬ್ಬರು ತಾಯಂದಿರಿದ್ದರು, ಎರಡು ಹೆಸರಿದ್ದವು. ನಮಗೆ ತಾಯಿಯೂ ಒಬ್ಬಳೇ, ದಿನವೂ ಒಂದೇ, ಹೆಸರೂ ಒಂದೇ ಆಗಿಹೋಯಿತು. ನೀನು ನಿಜವಾಗಿ ಹುಟ್ಟಿದ್ದು ನನ್ನ ಹಿಂದೆ ಎರಡು ವರ್ಷಕ್ಕೆ, ರಾಗಿ ಕೊಯ್ಲಿನಲ್ಲಿ. ನೆನಪಿದೆಯೋ ಇಲ್ಲವೋ.

ಎಂಟು ವರ್ಷದ ಹಿಂದಿನ ಆ ಬೇಸಿಗೆಯನ್ನು ನಾನು ಮರೆತಿಲ್ಲ. ಹೊಳಲ್ಕೆರೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ನೀನು ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದೆ. ಮೇವಿಲ್ಲದೆ ನಾನು ಕುರಿ ಹೊಡೆದುಕೊಂಡು ಶಿವಮೊಗ್ಗದ ಕಡೆ ಹೋಗಿದ್ದಾಗ ನನಗೆ ಸಂದರ್ಶನದ ಕಾರ್ಡು ಬಂತು. “ಅಣ್ಣ ಬರೋ ಹೊತ್ತಿಗೆ ದಿನ ಕಳೆದೋಗತೈತೆ, ನಾನೇ ಹೋಗಿ ಹೇಳಿ ಬರ್ತೀನಿ” ಎಂದು ಅವ್ವನಿಗೆ ಹೇಳಿ ನನ್ನ ಸರ್ಟಿಫಿಕೇಟು ತೆಗೆದುಕೊಂಡು ಹೋದವನು ನೀನು. ಮೂರು ತಿಂಗಳ ಮೇಲೆ ನಾನು ಹಟ್ಟಿಗೆ ಮರಳಿದರೆ ಓಬಯ್ಯನಿಗೆ, ಅಂದರೆ ನನ್ನ ಹೆಸರು ಹೊತ್ತ ನಿನಗೆ, ಆಗಲೇ ಗುಮಾಸ್ತನ ಕೆಲಸ ಸಿಕ್ಕಿತ್ತು. ಆ ದಿನ ನಾನು ಪೊಲೀಸರ ಹತ್ತಿರ ಹೋಗಲು ಹೊರಟಿದ್ದೆ. ಅವ್ವ ಬಾಗಿಲಿಗೆ ಅಡ್ಡ ಕುಳಿತು, “ಇಬ್ಬರ್ನೂ ನಾನೇ ಹೆತ್ತಿರೋದು ಕಣಪ್ಪ. ಒಬ್ಬನಾರ ನೆಳ್ಳಾಗೆ ಕುಂತು ಉಣ್ಲಿ ಬಿಡು” ಎಂದಳು. ಅವಳನ್ನು ದಾಟಿ ಹೋಗಲು ನನಗೆ ಕಾಲು ಬರಲಿಲ್ಲ.

ಈಗ ಕೇಳು. ಕಳೆದ ತಿಂಗಳು ಒಬ್ಬ ಅಧಿಕಾರಿ ಫೈಲು ಹಿಡಿದು ನಮ್ಮ ಮನೆಗೇ ಬಂದಿದ್ದರು. ನಿನ್ನ ಬಡ್ತಿಗೆ ಮುಂಚೆ ವಿಚಾರಣೆಯಂತೆ. ಓಬಯ್ಯನ ತಮ್ಮ ಪಾಲಣ್ಣ ಯಾರು ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. “ನಾನೇ ಸಾರ್” ಎಂದೆ. ಎಷ್ಟು ಓದಿದ್ದೀಯ ಎಂದರು. “ಎಸ್ಸೆಸ್ಸೆಲ್ಸಿ ನಪಾಸು” ಎಂದೆ. ಅವರು ಬರೆದುಕೊಂಡು, ಮರುಕದಿಂದಲೇ, “ನಿಮ್ಮಣ್ಣನ ಹಂಗೆ ನೀನೂ ಮನಸಿಟ್ಟು ಓದಬೇಕಿತ್ತಪ್ಪ” ಎಂದರು. ಪಾಲಣ್ಣ ಎಂದು ಸಹಿ ಹಾಕಿದೆ. ಊರಿಗೆ ಹೊಸದಾಗಿ ಬಂದಿರುವ ಮೇಷ್ಟ್ರು ಶಿವಕುಮಾರಪ್ಪನವರು, ಪಾಪ, ಏನೂ ತಿಳಿಯದೆ ಸಾಕ್ಷಿ ಹಾಕಿದರು. ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು. ಆಮೇಲೆ ಅವ್ವ ನನ್ನ ತಲೆ ಸವರಲು ಬಂದಳು. ನಾನು ಎದ್ದು ಕುರಿ ರೊಪ್ಪಕ್ಕೆ ಹೋದೆ. ನಿನ್ನ ಕೆಲಸ ಉಳಿಯಿತು, ಇನ್ನು ಯಾರೂ ಕೇಳುವುದಿಲ್ಲ. ಇನ್ನು ನಾನು ಓಬಯ್ಯ ಎಂದು ಹೇಳಿಕೊಂಡರೆ ಸುಳ್ಳುಗಾರನಾಗುವವನು ನಾನೇ.

ನಿನ್ನ ಹೆಂಡತಿಗೆ ನಮ್ಮೆಲ್ಲರ ಆಶೀರ್ವಾದ ಹೇಳು. ಬಡ್ತಿ ಬರಲಿ, ತಣ್ಣಗಿರು. ಅವ್ವ ನಿನಗೆ ತಲೆಗೆ ಎಣ್ಣೆ ಹಾಕಿಕೋ ಎನ್ನುತ್ತಿದ್ದಾಳೆ.

ಇಂತಿ ನಿನ್ನ ಅಣ್ಣ,
ಓಬಯ್ಯ

ಮರೆತಿದ್ದೆ: ನಾಗರಪಂಚಮಿಗೆ ಬರುತ್ತೇನೆಂದು ಬರೆದಿದ್ದೀಯಲ್ಲ, ಬರಬೇಡ. ಮೊನ್ನೆ ನನ್ನ ಮಗಳು ಮುದ್ದಕ್ಕನನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋಗಿದ್ದೆ. ಮೇಷ್ಟ್ರು ನನ್ನನ್ನು ಕೇಳದೆಯೇ ತಂದೆಯ ಹೆಸರು ಪಾಲಣ್ಣ ಎಂದು ಬಾಯಲ್ಲಿ ಹೇಳುತ್ತಾ ಬರೆದುಕೊಂಡರು. ಅವಳು ಎಲ್ಲರೆದುರು, “ಅಲ್ಲ ಸಾರ್, ಪಾಲಣ್ಣ ಅಂದ್ರೆ ನಮ್ಮ ಚಿಕ್ಕಪ್ಪ. ನಮ್ಮಪ್ಪ ಓಬಯ್ಯ” ಎಂದಳು. ಮೇಷ್ಟ್ರು ಪೆನ್ನು ಎತ್ತಿ ನನ್ನನ್ನೇ ನೋಡಿದರು. “ಮಗೀಗೆ ತಿಳಿಯಲ್ಲ ಸಾರ್, ನೀವು ಬರ್ಕಳ್ರಿ” ಎಂದೆ. ಅವಳು ಮತ್ತೆ ಬಾಯಿ ತೆರೆದಾಗ ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಎತ್ತಿದವನಲ್ಲ. ಆವತ್ತಿನಿಂದ ಅವಳು ನನ್ನನ್ನು ಅಪ್ಪಾ ಎಂದು ಕರೆದಿಲ್ಲ.