ಚಿಪ್ಪಿಲ್ಲದ ಮೆಟ್ಟಿಲು

ದೋಣಿಕಟ್ಟೆಯ ಹಿಂದಿನ ಮನೆ
ಏಪ್ರಿಲ್ ೧೪, ಮಧ್ಯಾಹ್ನ

ಪ್ರೀತಿಯ ಮಗಳೇ,

ಅದಕ್ಕೇ ಹೇಳಿದ್ದು, ಎಣ್ಣೆ ಎಲ್ಲಿಗೂ ಹೋಗಿಲ್ಲ ಅಂತ. ನಿನ್ನೆ ಫೋನು ಕಟ್ಟಾದದ್ದು ಸರಿಯಾಗಿ ಆ ಮಾತಿಗೇ. ಮತ್ತೆ ಮಾಡಿದರೆ ನಿಮ್ಮಣ್ಣ ಪಕ್ಕದಲ್ಲೇ ಇರುತ್ತಾನೆ, ಅದಕ್ಕೆ ಬರೆಯುತ್ತಿದ್ದೇನೆ. ಇರಲಿ, ಮೊದಲು ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಎಲ್ಲರಿಗೂ ಕುಡಿಸಿ ನೀನು ಮರೆಯುತ್ತೀಯೋ? ನಿಮ್ಮಮ್ಮನದೂ ಅದೇ ಬುದ್ಧಿಯಾಗಿತ್ತು. ನನ್ನ ಮಂಡಿನೋವು, ಹೇಳದೆ ಕೇಳದೆ ಬಂದ ನೆಂಟನ ಹಾಗೆ, ಏಳುವ ಲಕ್ಷಣವೇ ಇಲ್ಲ.

ವಿಷಯ ಏನೆಂದರೆ, ಮೊನ್ನೆ ಪ್ರವಾಸಿಗರ ದೊಡ್ಡ ದೋಣಿಯೊಂದು ಕಟ್ಟೆಗೆ ಬಂದು, ತಳದಲ್ಲಿ ನಿಂತಿದ್ದ ಕೊಳೆನೀರನ್ನು ಪಂಪು ಹಾಕಿ ಹೊರಗೆ ಬಿಟ್ಟಿತು. ಇಂಜಿನ್ನಿನ ಎಣ್ಣೆಯೂ ಜೊತೆಗೇ ಬಂತು. ನೀರಿನ ಮೇಲೆಲ್ಲ ನವಿಲುಬಣ್ಣ. ಎಣ್ಣೆ ಹೀರಲಿ ಎಂದು ಹಳೆಯ ಹೊದಿಕೆ ಸುತ್ತಿ, ಹೊಲಿದು, ಇಂಜಿನ್ನಿನ ಕೆಳಗಿಡಲು ಪ್ರತಿ ದೋಣಿಗೂ ಕೊಟ್ಟಿದ್ದೆನಲ್ಲ? ಆ ದೋಣಿಯವನು ಅದನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. "ಚೆನ್ನಾಗಿ ಹೊಲಿದಿದ್ದೀರ ತಾತಾ, ಕಾಲಿಗೂ ಒಂದು ಕೊಡಿ" ಅಂದ. ನಗಲೋ ಅಳಲೋ. ಅಷ್ಟರಲ್ಲಿ ತಪಾಸಣೆಯವರು ಬರುವ ಹೊತ್ತಾಯಿತು. ಕಟ್ಟೆಯ ಉಸ್ತುವಾರಿ ನಿಮ್ಮಣ್ಣನದಲ್ಲವೇ, ಪಾತ್ರೆ ತೊಳೆಯುವ ಸೋಪಿನ ಕ್ಯಾನನ್ನೇ ತಂದು ನೀರಿಗೆ ಸುರಿದ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಬಣ್ಣ ಮಾಯ. "ನೋಡಪ್ಪಾ, ಕನ್ನಡಿ ಥರ ಆಯ್ತು!" ಎಂದ. ಎಮಲ್ಷನ್ ಅಂತ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಏನೋ ಹೇಳುತ್ತಿದ್ದರು: ಸೋಪು ಎಣ್ಣೆಯನ್ನು ತೆಗೆಯುವುದಿಲ್ಲ, ನುಚ್ಚು ಮಾಡಿ ನೀರಿನೊಳಕ್ಕೆ ಇಳಿಸುತ್ತದೆ. ಮೇಲೆ ತೇಲುತ್ತಿದ್ದರೆ ಬಟ್ಟೆಯಿಂದಲಾದರೂ ಎತ್ತಬಹುದಿತ್ತು. ತಪಾಸಣೆಯವರಿಗೆ ಹೇಳಿಯೇ ಹೇಳಿದೆ. "ಕಣ್ಣಿಗೆ ಕಾಣದ್ದನ್ನ ಏನಂತ ಬರೀಲಿ ಯಜಮಾನ್ರೇ?" ಅಂದರು. ಔಟ್ ಆಫ್ ಸೈಟ್, ಔಟ್ ಆಫ್... ಮುಂದೇನೋ ಇತ್ತು, ಮರೆತೆ. ನಿಮ್ಮಮ್ಮನಿದ್ದಿದ್ದರೆ ನೆನಪಿಸಿ, ಆಮೇಲೆ ನನ್ನ ಇಂಗ್ಲಿಷಿಗೆ ನಗುತ್ತಿದ್ದಳು.

ಅವಳು ನಿನಗೆ ಈಜು ಕಲಿಸಿದ ಮೆಟ್ಟಿಲು ನೆನಪಿದೆಯಲ್ಲ? ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳು ಕಾಲು ಕೊಯ್ಯುತ್ತವೆಂದು ಚಪ್ಪಲಿ ಹಾಕಿಸಿಯೇ ಇಳಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಒಂದೂ ಇಲ್ಲ. ಸತ್ತು, ಬಾಯಿ ತೆರೆದುಕೊಂಡು ಕೆಸರಿಗೆ ಉದುರಿವೆ; ಕಲ್ಲು ಬೋಳು, ನುಣ್ಣಗಿದೆ. ಇದು ಮೊನ್ನೆಯ ಒಂದು ಕ್ಯಾನಿನ ಕೆಲಸವಲ್ಲ, ಎಷ್ಟು ವರ್ಷದ್ದೋ. ನಿಮ್ಮಣ್ಣ ಬಗ್ಗಿ ನೋಡಿ, "ಒಳ್ಳೇದೇ ಆಯ್ತು ಬಿಡಪ್ಪ, ಪುಟ್ಟಿ ಬರಿಗಾಲಲ್ಲೇ ಇಳೀಬಹುದು" ಅಂದ. ಕೆಟ್ಟವನಲ್ಲ ಅವನು. ನಿನ್ನ ಮಗಳೆಂದರೆ ಪ್ರಾಣ. ನನಗೆ ಹೆದರಿಕೆ ಅದೇ.

ನಾನಿನ್ನೂ ಹೊದಿಕೆ ಹೊಲಿಯುತ್ತಲೇ ಇದ್ದೇನೆ. ಯಾಕೆ ಅಂತ ಕೇಳಬೇಡ. ನಿನ್ನೆ ಸೂಜಿಗೆ ದಾರ ಪೋಣಿಸುವಾಗ... ಅರೆ, ಸಾಲು ಮೇಲೆ ಕೆಳಗೆ ಹೋಗುತ್ತಿದೆ. ಮಧ್ಯಾಹ್ನದಲ್ಲೇ ಕಿಟಕಿಯ ಬೆಳಕು ಹೋಯಿತು, ಮೋಡವೋ ನನ್ನ ಕಣ್ಣೋ. ಸಾಕು ಮಾಡುತ್ತೇನೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮ ಮನೆಯ ನಲ್ಲಿಯಲ್ಲಿ ಸದಾ ತಿಳಿನೀರು ಬರಲಿ.

ನಿನ್ನ ಅಪ್ಪ

ತಾ.ಕ.: ಪುಟ್ಟಿಯನ್ನು ರಜೆಗೆ ಕಳಿಸಬೇಡ ಮಗಳೇ. ನಿನ್ನೆ ನೀನು ಕೇಳಿದ್ದಕ್ಕೆ ಇದೇ ಉತ್ತರ. ನೀರು ಕಂಡರೆ ಅವಳು ಬಿಡುವವಳಲ್ಲ, ಅವಳ ಮಾಮ ತಡೆಯುವವನಲ್ಲ, ಹಿಂದೆ ಓಡಲು ನನಗೆ ಮಂಡಿಯಿಲ್ಲ. ಅಜ್ಜಿಯ ಮೆಟ್ಟಿಲು ಹೇಗಿದೆ ಎಂದು ಕೇಳಿದರೆ, ಇನ್ನೂ ಕಾಲು ಕೊಯ್ಯುತ್ತದಂತೆ ಎಂದು ಹೇಳು.