ಉದ್ದ ತೋಳಿನ ಜಂಪರ

ಧಾರವಾಡ,
12 ಫೆಬ್ರುವರಿ 2009

ತೀರ್ಥರೂಪ ಅಪ್ಪಾಜಿಯವರಿಗೆ,

ಸತ್ತೂರಿನ ಆಸ್ಪತ್ರೆಯಿಂದ ಅವ್ವನನ್ನು ನನ್ನ ಖೋಲಿಗೆ ಕರೆತಂದಿದ್ದೇನೆ. ಲಕ್ವಾ ಹೊಡೆದ ಎಡಗೈ ಇನ್ನೂ ಏಳುತ್ತಿಲ್ಲ. ಬೈಗುಳ ಮಾತ್ರ ಸ್ಪಷ್ಟವಾಗಿವೆ.

"ಇವರ ಬಿಪಿ ಯಾರೂ ನೋಡೇ ಇಲ್ಲೇನ್ರಿ?" ಎಂದು ಡಾಕ್ಟರು ಕೇಳಿದರು. ಹೇಗೆ ನೋಡುತ್ತಾರೆ? ಸೋರಿಯಾಸಿಸ್ ಕಲೆ ಮುಚ್ಚಲೆಂದು ನೀವು ಹೊಲಿಸಿಕೊಟ್ಟ ಉದ್ದ ತೋಳಿನ ಜಂಪರ ಅವ್ವನ ಮೈಮೇಲಿತ್ತು. ಬಿಪಿ ನೋಡಲು ತೋಳು ಮೇಲೇರಿಸಿ ಎಂದಾಗಲೆಲ್ಲ ನಾಚಿಕೊಂಡು ಎದ್ದು ಬಂದಳು.

"ಈ ಚರ್ಮದ ರೋಗ ಇದ್ದವರಿಗೆ ಹಾರ್ಟಿಂದೂ ಲಕ್ವಾದ್ದೂ ಭಯ ಜಾಸ್ತಿರಿ. ಬಿಪಿ ತೋರಿಸ್ಕೋತ ಇರಬೇಕು. ಇದು ಅಂಟು ರೋಗ ಅಲ್ಲ," ಎಂದರು. ಅಂಟೀತೆಂದು ಅವ್ವನ ಊಟದ ಗಂಗಾಳ ಬೇರೆ ಇಟ್ಟ ನಮ್ಮ ಮನೆಯವರಿಗೂ ಇದನ್ನು ಓದಿ ಹೇಳಿ.

ನಿಮಗೆ ಗೊತ್ತೇ ಇದೆ, ನನ್ನ ಮೊಣಕೈಗೂ ಈಗ ಅದೇ ಕಲೆ ಬಂದಿದೆ. ರವಿವಾರ ನನ್ನನ್ನು ನೋಡಲು ಬರುವವರ ಮುಂದೆ ತೊಡಲೆಂದು ನೀವು ಕಳಿಸಿದ ಅಂಥದೇ ಜಂಪರ ಬಂದು ಮುಟ್ಟಿತು. "ಕೈ ಕಾಣಬಾರದವಾ," ಎಂದು ಫೋನಿನಲ್ಲೂ ಹೇಳಿದಿರಿ. ಅದರ ತೋಳು ಕತ್ತರಿಸಿ ಅವ್ವನ ಕೋಲಿನ ಹಿಡಿಗೆ ಸುತ್ತಿದ್ದೇನೆ. ಬಂದವರು ಕಣ್ತುಂಬ ನೋಡಲಿ. ನನ್ನನ್ನು ಒಲ್ಲೆವೆಂದರೂ ಅವಲಕ್ಕಿ ತಿಂದೇ ಹೋಗಲಿ.

ನೀವೂ ಬನ್ನಿ. ಬರುವಾಗ ಅವ್ವನ ಆ ಬೇರೆ ಗಂಗಾಳ ತನ್ನಿ. ನಿಮಗೆ ಅದರಲ್ಲೇ ಬಡಿಸುತ್ತೇನೆ.

ನಿಮ್ಮ ಮಗಳು,
ದುರ್ಗಾ