ಎರಡನೆಯ ದಿಂಬಿನ ಕವರ್

ಹಾಸ್ಟೆಲಿನಲ್ಲಿ ನನ್ನ ಅಕ್ಕನ ಪಕ್ಕದ ಮಂಚದವರಿಗೆ,

ನಮಸ್ಕಾರ. ನಿಮ್ಮನ್ನೂ ಅಕ್ಕ ಎಂದು ಕರೆಯಲಾರೆ, ಕ್ಷಮಿಸಿ; ನನಗಿರುವುದು ಒಬ್ಬಳೇ ಅಕ್ಕ. ಹದಿನಾರು ವರ್ಷದಿಂದ ಅವಳ ರೂಮ್‌ಮೇಟ್ ನಾನು. ಎಲ್ಲಿ ಹೋದರೂ ಅವಳ ಹಿಂದೆಯೇ ಇರುತ್ತೇನೆಂದು ಮನೆಯಲ್ಲಿ ನನಗೆ ‘ಬಾಲ’ ಎಂದೇ ಹೆಸರು.

ಅವಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಬೆನ್ನು ತಟ್ಟಿದರೆ ನಿಲ್ಲಿಸುತ್ತಾಳೆ. ನೀವು ತಟ್ಟುವುದೇನೂ ಬೇಡ, ತಾನಾಗಿಯೇ ನಿಲ್ಲುತ್ತದೆ.

ಈ ಪತ್ರ ಸಿಕ್ಕ ದಿಂಬಿನ ಕವರನ್ನು ಹೊಲಿದವಳು ನಾನು. ನಮ್ಮಪ್ಪ ಟೈಲರ್. ಅಂಗಡಿಯಲ್ಲಿ ಮಿಕ್ಕಿದ ನೀಲಿ ಬಟ್ಟೆ ತಂದು ಅಕ್ಕ, “ಒಂದೇ ಥರ ಎರಡು ಕವರ್ ಹೊಲಿದುಕೊಡೇ” ಅಂದಳು. ಒಂದು ಅವಳಿಗೆ, ಇನ್ನೊಂದು ನನಗೆ ಎಂದುಕೊಂಡೆ. ಹೊಲಿದು ಕೊಟ್ಟ ಮೇಲೆ ಎರಡನ್ನೂ ಮಡಚಿ ತನ್ನ ಟ್ರಂಕಿಗೆ ಹಾಕಿಕೊಂಡಳು.

“ಇನ್ನೊಂದು ನನ್ನ ರೂಮಿಗೆ ಬರೋ ಹುಡುಗಿಗೆ. ಪಾಪ, ಅವಳೂ ಮನೆ ಬಿಟ್ಟು ಬರ್ತಾಳಲ್ಲ ಕಣೇ,” ಅಂದಳು.

“ಹೌದಲ್ಲ,” ಅಂದೆ. ನನಗೇನೂ ಹೊಟ್ಟೆಕಿಚ್ಚಿಲ್ಲ.

ಒಂದೇ ವಿನಂತಿ. ನಿಮ್ಮ ಕವರಿನ ಒಳಮೂಲೆಯಲ್ಲಿ ಕೆಂಪು ದಾರದಿಂದ ‘ಬಾಲ’ ಎಂದು ಹೊಲಿದಿದ್ದೇನೆ. ದಯವಿಟ್ಟು ಅದನ್ನು ಬಿಚ್ಚಬೇಡಿ. ಮುಂದಿನ ವರ್ಷ ನಾನೂ ಅದೇ ಕಾಲೇಜಿಗೆ ಬರುತ್ತೇನೆ. ಅಲ್ಲಿಯವರೆಗೆ ನನ್ನ ಜಾಗ ನೋಡಿಕೊಳ್ಳುತ್ತಿರಿ.

ಇಂತಿ,
ಅವಳ ಮೊದಲನೆಯ ರೂಮ್‌ಮೇಟ್